ಬೆಟ್ಟದ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣ: ಇಳಿಯುವ ಹೊತ್ತಿನಿಂದ ಲೆಕ್ಕ ಶುರು ಮಾಡಿ

ಚಾರಣಕ್ಕೆ ಹೊರಡುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ತುದಿ ತಲುಪೋಕೆ ಎಷ್ಟು ಹೊತ್ತು ಬೇಕು?’ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ‘ಕತ್ತಲಾಗುವ ಮುಂಚೆ ಕೆಳಗೆ ಬರಬೇಕಾದರೆ ಎಷ್ಟು ಹೊತ್ತಿಗೆ ತಿರುಗಬೇಕು?’ ತುದಿ ಅಂದರೆ ಅರ್ಧ ದಾರಿ ಅಷ್ಟೆ. ಉಳಿದ ಅರ್ಧ ದಾರಿಯನ್ನು ದಣಿದ ಕಾಲಿನಲ್ಲಿ, ಮುಗಿಯುತ್ತಾ ಬಂದ ನೀರಿನ ಜೊತೆ, ಕಡಿಮೆಯಾಗುತ್ತಿರುವ ಬೆಳಕಿನಲ್ಲಿ ನಡೆಯಬೇಕು. ಕಾಲು ಜಾರುವುದು, ಮಂಡಿ ಹಿಡಿದುಕೊಳ್ಳುವುದು, ದಾರಿ ತಪ್ಪುವುದು ಇಂಥವಕ್ಕೆಲ್ಲ ಇಳಿಯುವಾಗಲೇ ಹೆಚ್ಚು ಅವಕಾಶ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ತಯಾರಿಯ ಪ್ರತಿ ಹೆಜ್ಜೆಯನ್ನೂ ವಾಪಸ್ ಬರುವ ಕಡೆಯಿಂದ ನೋಡಿದ್ದೇನೆ.

ಹೆಜ್ಜೆ 1: ದಾರಿ ಆರಿಸಿಕೊಳ್ಳಿ, ನಿಯಮ ಓದಿಕೊಳ್ಳಿ

ದಾರಿ ಆರಿಸುವಾಗ ಕಿಲೋಮೀಟರ್ ಒಂದನ್ನೇ ನೋಡಬೇಡಿ. ಸಮತಟ್ಟಾದ 12 ಕಿ.ಮೀ. ಬೇರೆ, 1,000 ಮೀಟರ್ ಏರು ಇರುವ 12 ಕಿ.ಮೀ. ಬೇರೆ. ದೂರ ಎಷ್ಟು, ಒಟ್ಟು ಏರು ಎಷ್ಟು, ದಾರಿಯಲ್ಲಿ ತೊರೆ ದಾಟಬೇಕಾ, ಬಂಡೆ ಹತ್ತಬೇಕಾ, ನೀರು ಎಲ್ಲಿ ಸಿಗುತ್ತದೆ, ಮಧ್ಯದಲ್ಲೇ ಕೆಳಗಿಳಿಯಲು ಬೇರೆ ದಾರಿ ಇದೆಯಾ, ಇವಿಷ್ಟನ್ನೂ ಬರೆದುಕೊಳ್ಳಿ. ಗುಂಪಿನಲ್ಲಿ ಹೋಗುವುದಾದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಗೆ ಹೊಂದುವ ದಾರಿಯೇ ಸರಿಯಾದ ದಾರಿ.

ರಾಷ್ಟ್ರೀಯ ಉದ್ಯಾನಗಳಿಗೆ ಅವುಗಳದ್ದೇ ನಿಯಮಗಳಿರುತ್ತವೆ. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅನ್ನಿಸಿಕೊಂಡ ಅಮೆರಿಕದ ಯೆಲ್ಲೊಸ್ಟೋನ್ 1872ರಲ್ಲಿ ಶುರುವಾಯಿತು. ಇವತ್ತು ಒಂದೊಂದು ಉದ್ಯಾನದ್ದೂ ಒಂದೊಂದು ರೀತಿ. ಆಫ್ರಿಕಾದ ಕಿಲಿಮಂಜಾರೋ ಬೆಟ್ಟ ಹತ್ತಲು ಗೈಡ್ ಕಡ್ಡಾಯ. ಅಮೆರಿಕದ ಯೊಸೆಮಿಟಿ ಉದ್ಯಾನದ ಹಾಫ್ ಡೋಮ್ ಬಂಡೆಗೆ ಕೇಬಲ್ ಹಿಡಿದು ಹತ್ತಲು ಪರ್ಮಿಟ್ ಬೇಕು, ಅದನ್ನು ಲಾಟರಿಯಲ್ಲಿ ಹಂಚುತ್ತಾರೆ. ಕೆಲವು ಕಡೆ ಪ್ರಾಣಿಗಳು ಮರಿ ಹಾಕುವ ಕಾಲದಲ್ಲಿ, ಕಾಳ್ಗಿಚ್ಚಿನ ಕಾಲದಲ್ಲಿ ದಾರಿಗಳನ್ನೇ ಮುಚ್ಚುತ್ತಾರೆ. ಹಾಗಾಗಿ ಉದ್ಯಾನದ ಅಧಿಕೃತ ಜಾಲತಾಣ ನೋಡಿ, ಆಮೇಲೆ ಹೊರಡುವ ಹಿಂದಿನ ದಿನ ಅಲ್ಲಿನ ರೇಂಜರ್ ಕಚೇರಿಗೆ ಒಂದು ಫೋನ್ ಮಾಡಿ. ಯಾವ ಸೇತುವೆ ಕೊಚ್ಚಿಹೋಗಿದೆ, ಯಾವ ತೊರೆಯಲ್ಲಿ ನೀರು ಬತ್ತಿದೆ, ಕರಡಿ ಎಲ್ಲಿ ಓಡಾಡುತ್ತಿದೆ ಅನ್ನುವುದೆಲ್ಲ ಅವರಿಗೆ ಗೊತ್ತಿರುತ್ತದೆ. ಆ್ಯಪ್‌ನಲ್ಲಿ ಸಿಗುವ ಮಾಹಿತಿ ಎಷ್ಟೋ ಸಲ ಹಳೆಯದಾಗಿರುತ್ತದೆ.

ಹೆಜ್ಜೆ 2: ಹೊತ್ತಿನ ಲೆಕ್ಕ, ತಿರುಗುವ ಗಂಟೆ

ಈ ಹೆಜ್ಜೆಗೆ ಸಮಾಧಾನವಾಗಿ ಸಮಯ ಕೊಡಿ. ಉಳಿದೆಲ್ಲದಕ್ಕೂ ಇದೇ ಬುನಾದಿ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರ ಲೆಕ್ಕ, ವಿಶ್ರಾಂತಿಯ ಹೊತ್ತು ಇದರಲ್ಲಿ ಸೇರಿಲ್ಲ. ಹೊಸಬರು, ಬ್ಯಾಗ್ ಹೊತ್ತವರು ಗಂಟೆಗೆ 4 ಕಿ.ಮೀ. ಅಂತ ಹಿಡಿಯುವುದು ಒಳ್ಳೆಯದು. ಬಂಡೆ, ಕೆಸರು, ಹಿಮ ಇದ್ದರೆ 3 ಕಿ.ಮೀ. ಸಾಗುವುದೂ ಕಷ್ಟ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತುದಿಗೆ 7 ಕಿ.ಮೀ. ದೂರ, 900 ಮೀಟರ್ ಏರು. ಗಂಟೆಗೆ 4 ಕಿ.ಮೀ. ಹಿಡಿದರೆ ದೂರಕ್ಕೆ ಒಂದೂಮುಕ್ಕಾಲು ಗಂಟೆ, ಏರಿಗೆ ಒಂದೂವರೆ ಗಂಟೆ. ಅಲ್ಲಲ್ಲಿ ಕೂತು ನೀರು ಕುಡಿಯುವ ಹೊತ್ತೂ ಸೇರಿದರೆ ಹತ್ತಲು 4 ಗಂಟೆ. ಇಳಿಯಲು ಎರಡೂವರೆ ಗಂಟೆ ಇರಲಿ. ಸಂಜೆ 6ಕ್ಕೆ ಸೂರ್ಯ ಮುಳುಗುತ್ತಾನೆ ಅಂದುಕೊಳ್ಳಿ. ಯಾರಿಗಾದರೂ ಕಾಲು ಉಳುಕಿದರೆ ನಿಧಾನವಾಗಿ ಇಳಿಸಿಕೊಂಡು ಬರಲು 2 ಗಂಟೆ ಕೈಯಲ್ಲಿರಬೇಕು. ಅಂದರೆ 4 ಗಂಟೆಗೆ ನೀವು ಕೆಳಗಿರಬೇಕು, ಮಧ್ಯಾಹ್ನ ಒಂದೂವರೆಗೆ ತಿರುಗಲೇಬೇಕು. ಹತ್ತಲು 4 ಗಂಟೆ ಬೇಕಾದ್ದರಿಂದ 9:30ಕ್ಕೆ ಹೊರಟರೂ ಆಯಿತು ಅನ್ನಿಸಬಹುದು. ಆದರೆ ಹಾಗೆ ಹೊರಟರೆ ಒಂದು ನಿಮಿಷವೂ ಮಿಗುವುದಿಲ್ಲ. ಮಧ್ಯಾಹ್ನ ಸಿಡಿಲು ಬರುವ ಕಾಲವಾದರಂತೂ ತಿರುಗುವ ಹೊತ್ತನ್ನು ಇನ್ನೂ ಹಿಂದಕ್ಕೆ ತರಬೇಕು. ಬೆಳಗ್ಗೆ 6ಕ್ಕೇ ಹೆಜ್ಜೆ ಹಾಕಿದರೆ 10ರ ಹೊತ್ತಿಗೆ ತುದಿಯಲ್ಲಿರುತ್ತೀರಿ, ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗಿರುತ್ತೀರಿ.

ಈ ತಿರುಗುವ ಗಂಟೆಯನ್ನು ಹೊರಡುವ ಮೊದಲೇ ಗುಂಪಿನ ಎಲ್ಲರಿಗೂ ಹೇಳಿ, ಎಲ್ಲರೂ ಒಪ್ಪಲಿ. ಬೆಟ್ಟದ ಮೇಲೆ ನಿಂತು ತೀರ್ಮಾನ ಮಾಡಲು ಹೋದರೆ ಆಗುವುದಿಲ್ಲ. ತುದಿ ಕಣ್ಣೆದುರೇ ಕಾಣುತ್ತಿರುತ್ತದೆ, ‘ಇನ್ನು ಇಪ್ಪತ್ತೇ ನಿಮಿಷ’ ಅಂತ ಯಾರೋ ಹೇಳುತ್ತಾರೆ, ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಗಂಟೆ ಮೊದಲೇ ಗೊತ್ತಾಗಿದ್ದರೆ ಯಾರೂ ಕೆಟ್ಟವರಾಗಬೇಕಾಗಿಲ್ಲ. ಗಡಿಯಾರ ಹೇಳಿತು, ತಿರುಗಿದೆವು ಅಷ್ಟೆ.

ಹೆಜ್ಜೆ 3: ಮನೆಯಲ್ಲಿ ಒಬ್ಬರಿಗೆ ಬರೆದುಕೊಡಿ

ಯಾವ ದಾರಿ, ಯಾರ‍್ಯಾರು, ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ಯಾವ ಬಣ್ಣದ ಜಾಕೆಟ್, ಎಷ್ಟು ಹೊತ್ತಿಗೆ ವಾಪಸ್, ಎಷ್ಟು ಹೊತ್ತಾದರೂ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಇಷ್ಟನ್ನು ಬರೆದು ಜೊತೆಗೆ ಬರದ ಒಬ್ಬರಿಗೆ ಕೊಡಿ. ಉದ್ಯಾನದ ತುರ್ತು ಸಂಖ್ಯೆಯೂ ಅದರಲ್ಲಿರಲಿ. ‘ಸಂಜೆ ಹೊತ್ತಿಗೆ ಬರ್ತೀವಿ’ ಅಂತ ಸುಮ್ನೆ ಹೇಳಿ ಹೋದರೆ ಅವರು ಯಾವಾಗ ಗಾಬರಿಯಾಗಬೇಕು ಅಂತ ಅವರಿಗೇ ತಿಳಿಯುವುದಿಲ್ಲ. ‘ರಾತ್ರಿ 8ರವರೆಗೆ ಕಾಯಿರಿ, ಆಮೇಲೆ ಈ ನಂಬರಿಗೆ ಫೋನ್ ಮಾಡಿ’ ಅಂತ ಸ್ಪಷ್ಟವಾಗಿ ಬರೆಯಿರಿ. ದಾರಿ ಬದಲಾಯಿಸಿದರೆ ಅದನ್ನೂ ತಿಳಿಸಿ. ಇಲ್ಲದಿದ್ದರೆ ಹುಡುಕುವವರು ಬೇರೆ ಬೆಟ್ಟದಲ್ಲಿ ಹುಡುಕುತ್ತಿರುತ್ತಾರೆ.

ಹೆಜ್ಜೆ 4: ಮೈ ತಯಾರು ಮಾಡಿ, ಶೂ ಪಳಗಿಸಿ

ಆರರಿಂದ ಎಂಟು ವಾರ ಮೊದಲು ಶುರು ಮಾಡಿದರೆ ಸಾಕು. ವಾರದಲ್ಲಿ ಮೂರು ನಾಲ್ಕು ದಿನ ವೇಗದ ನಡಿಗೆ, ಅದರಲ್ಲಿ ಒಂದು ದಿನ ಉದ್ದನೆಯ ನಡಿಗೆ. ಬ್ಯಾಗಿಗೆ ನೀರಿನ ಬಾಟಲಿ ತುಂಬಿಕೊಂಡು ಮೆಟ್ಟಿಲು ಹತ್ತಿ. ಹತ್ತುವಷ್ಟೇ ಮುಖ್ಯವಾಗಿ ಇಳಿಯುವುದನ್ನೂ ಅಭ್ಯಾಸ ಮಾಡಿ. ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ತೊಡೆ ಮತ್ತು ಮಂಡಿಗೆ ಏಟು ಬೀಳುತ್ತದೆ. ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುವುದರಿಂದ ಮಾರನೇ ದಿನ ಕಾಲು ನೋಯುವುದು ಮುಖ್ಯವಾಗಿ ಇಳಿದಿದ್ದರಿಂದಲೇ. ಹೃದಯ, ಉಸಿರು, ಸಕ್ಕರೆಯ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ಎತ್ತರದ ಜಾಗಕ್ಕೆ ಹೋಗುತ್ತಿದ್ದೇನೆ ಅನ್ನುವುದನ್ನೂ ಅವರಿಗೆ ಹೇಳಬೇಕು.

ಶೂ ಕೊಳ್ಳುವಾಗ ಸಂಜೆ ಹೊತ್ತು ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಆಗುತ್ತದೆ. ಚಾರಣಕ್ಕೆ ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಇಳಿಜಾರಿನಲ್ಲಿ ನಿಂತಾಗ ಬೆರಳು ಮುಂದಕ್ಕೆ ತಗಲಬಾರದು, ಹತ್ತುವಾಗ ಹಿಮ್ಮಡಿ ಏಳಬಾರದು. ಹೊಸ ಶೂ ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗಬೇಡಿ, ಎರಡು ಮೂರು ವಾರ ಅದರಲ್ಲೇ ಓಡಾಡಿ.

ನಡೆಯುವಾಗ ಪಾದದಲ್ಲಿ ಎಲ್ಲಾದರೂ ಬಿಸಿ ಬಿಸಿ ಅನ್ನಿಸಿತು ಅಂದರೆ ಆಗಲೇ ನಿಲ್ಲಿ. ಬೊಬ್ಬೆ ಏಳುವ ಮೊದಲ ಸೂಚನೆ ಅದು. ಶೂ ಬಿಚ್ಚಿ, ಒರೆಸಿ, ಆ ಜಾಗಕ್ಕೆ ಟೇಪ್ ಹಚ್ಚಿ. ಐದು ನಿಮಿಷದ ಕೆಲಸ. ಮುಂದೂಡಿದರೆ ಉಳಿದ ದಾರಿಯುದ್ದಕ್ಕೂ ಕುಂಟಬೇಕು. ಇಳಿಯಲು ಶುರು ಮಾಡುವ ಮುಂಚೆ ಶೂ ಲೇಸನ್ನು ಪಾದದ ಮೇಲೆ ಇನ್ನಷ್ಟು ಬಿಗಿ ಮಾಡಿಕೊಳ್ಳಿ, ಕಾಲ್ಬೆರಳಿನ ಉಗುರು ಉಳಿಯುತ್ತದೆ.

ಹೆಜ್ಜೆ 5: ಬಟ್ಟೆ

ಬೆಟ್ಟದಲ್ಲಿ ಸಾಮಾನ್ಯವಾಗಿ ಪ್ರತಿ 1,000 ಮೀಟರ್ ಮೇಲಕ್ಕೆ ಹೋದಂತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚುತ್ತದೆ. ಕೆಳಗೆ 20 ಡಿಗ್ರಿ ಇದ್ದರೆ 2,000 ಮೀಟರ್ ಮೇಲೆ 7 ಡಿಗ್ರಿ. ಇದಕ್ಕೆ ಗಾಳಿ ಸೇರಿದರೆ ಕಥೆಯೇ ಬೇರೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಸೊನ್ನೆಗಿಂತ 7 ಡಿಗ್ರಿ ಕಡಿಮೆ ಇದ್ದಷ್ಟು ಚಳಿ ಹೊಡೆಯುತ್ತದೆ.

ಒಂದೇ ದಪ್ಪ ಜಾಕೆಟ್‌ಗಿಂತ ಮೂರು ತೆಳು ಪದರ ಒಳ್ಳೆಯದು. ಮೈಗೆ ಅಂಟಿಕೊಳ್ಳುವ ಪದರ ಬೆವರು ಹೀರಿ ಹೊರಗೆ ಬಿಡಬೇಕು, ಅದಕ್ಕೆ ಸಿಂಥೆಟಿಕ್ ಅಥವಾ ಮೆರಿನೋ ಉಣ್ಣೆ ಸರಿ. ನಡುವಿನ ಪದರ ಶಾಖ ಹಿಡಿದಿಡಬೇಕು, ಅದಕ್ಕೆ ಫ್ಲೀಸ್ ಅಥವಾ ಉಣ್ಣೆ. ಹೊರಗಿನದು ಗಾಳಿ, ಮಳೆ ತಡೆಯಬೇಕು. ಹತ್ತಿ ಬಟ್ಟೆ ಬೇಡವೇ ಬೇಡ. ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಜೀನ್ಸ್ ಕೂಡ ಹತ್ತಿಯದ್ದೇ ಅನ್ನುವುದನ್ನು ತುಂಬಾ ಜನ ಮರೆಯುತ್ತಾರೆ.

ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಹಾಕಿಕೊಳ್ಳಿ. ಹತ್ತು ನಿಮಿಷ ನಡೆದರೆ ಮೈ ಬಿಸಿಯಾಗುತ್ತದೆ. ಬೆವರುವ ಮುಂಚೆ ಒಂದು ಪದರ ತೆಗೆಯಿರಿ, ನಿಂತ ಕೂಡಲೇ ಹಾಕಿಕೊಳ್ಳಿ. ಪದೇ ಪದೇ ಬಿಚ್ಚಿ ಹಾಕುವುದು ಬೇಸರದ ಕೆಲಸ ನಿಜ. ಆದರೆ ಬೆವರಿನಲ್ಲಿ ತೊಯ್ದು ತುದಿಯ ಗಾಳಿಗೆ ನಿಂತರೆ ನಡುಕ ಶುರುವಾಗಲು ಜಾಸ್ತಿ ಹೊತ್ತು ಬೇಕಾಗಿಲ್ಲ. ಟೋಪಿ, ಕೈಗವಸು ಮತ್ತು ಒಂದು ಜೊತೆ ಒಣ ಸಾಕ್ಸ್ ಯಾವ ಕಾಲದಲ್ಲೂ ಬ್ಯಾಗಿನಲ್ಲಿರಲಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರಲಿ.

ಬಿಸಿಲಿನ ಬಗ್ಗೆಯೂ ಹೇಳಬೇಕು. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣಗಳ ಹೊಡೆತ ಸುಮಾರು 10 ಪ್ರತಿಶತ ಹೆಚ್ಚುತ್ತದೆ. ಹೊಸ ಹಿಮ ಅವುಗಳಲ್ಲಿ 80 ಪ್ರತಿಶತದವರೆಗೆ ವಾಪಸ್ ಮುಖಕ್ಕೆ ಎಸೆಯುತ್ತದೆ. ಹಿಮದ ಮೇಲೆ ಕಪ್ಪು ಕನ್ನಡಕ ಇಲ್ಲದೆ ನಡೆದರೆ ಕಣ್ಣಿಗೆ ಮರಳು ಹಾಕಿದಷ್ಟು ಉರಿಯಾಗಿ, ದಾರಿಯೇ ಕಾಣದಂತಾಗಬಹುದು.

ಹೆಜ್ಜೆ 6: ಬ್ಯಾಗಿನಲ್ಲಿ ಏನಿರಬೇಕು

ಅಮೆರಿಕದ ಸಿಯಾಟಲ್‌ನ ‘ದ ಮೌಂಟೇನಿಯರ್ಸ್’ ಅನ್ನುವ ಸಂಘ 1930ರ ದಶಕದಲ್ಲೇ ಹತ್ತು ಅಗತ್ಯ ವಸ್ತುಗಳ ಪಟ್ಟಿ ಮಾಡಿತ್ತು. ಈಗಲೂ ಚಾರಣಿಗರು ಅದನ್ನೇ ಸ್ವಲ್ಪ ಬದಲಾಯಿಸಿ ಪಾಲಿಸುತ್ತಾರೆ: ನಕ್ಷೆ ಮತ್ತು ದಿಕ್ಸೂಚಿ, ಹೆಡ್‌ಲ್ಯಾಂಪ್ (ಹಣೆಗೆ ಕಟ್ಟುವ ದೀಪ), ಬಿಸಿಲಿನಿಂದ ರಕ್ಷಣೆ, ಪ್ರಥಮ ಚಿಕಿತ್ಸೆ, ಚಾಕು ಮತ್ತು ರಿಪೇರಿ ಸಾಮಾನು, ಬೆಂಕಿ ಹೊತ್ತಿಸುವ ಸಾಧನ, ತುರ್ತು ಆಸರೆ, ಹೆಚ್ಚುವರಿ ಆಹಾರ, ಹೆಚ್ಚುವರಿ ನೀರು, ಹೆಚ್ಚುವರಿ ಬಟ್ಟೆ.

ಒಂದು ದಿನದ ನಡಿಗೆಗೆ ಇಷ್ಟೆಲ್ಲ ಯಾಕೆ ಅಂತ ಅನ್ನಿಸಬಹುದು, ಅಲ್ವಾ? ಇದೆಲ್ಲ ಇರುವುದು ಆ ಒಂದು ದಿನ ಎರಡು ದಿನವಾದರೆ ಅನ್ನುವ ಕಾರಣಕ್ಕೆ. ಕಾಲು ಮುರಿದವರು ಒಂದೇ ಕಡೆ ರಾತ್ರಿಯಿಡೀ ಕೂರಬೇಕಾಗುತ್ತದೆ. ನಡೆಯದ ಮೈ ಬೇಗ ತಣ್ಣಗಾಗುತ್ತದೆ. ಮಡಚಿದರೆ ಅಂಗೈಯಗಲ ಆಗುವ ಹೊಳೆಯುವ ತುರ್ತು ಹೊದಿಕೆ ಮತ್ತು ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಆ ರಾತ್ರಿ ಜೀವ ಉಳಿಸಬಹುದು. ಬೆಳಗ್ಗೆ ಹೊರಟು ಮಧ್ಯಾಹ್ನ ಬರುವುದಾದರೂ ಹೆಡ್‌ಲ್ಯಾಂಪ್ ಬೇಕು. ಫೋನ್ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು, ಬ್ಯಾಟರಿಯೂ ಹೋಯಿತು. ಸೀಟಿಯನ್ನು ಬ್ಯಾಗಿನ ಒಳಗೆ ಹಾಕದೆ ಭುಜದ ಪಟ್ಟಿಗೆ ಕಟ್ಟಿ. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೂ ಸೀಟಿ ಊದಬಹುದು.

ಒಂದು ದಿನದ ಬ್ಯಾಗ್ ನಿಮ್ಮ ತೂಕದ ಹತ್ತನೇ ಒಂದು ಭಾಗ, ರಾತ್ರಿ ಉಳಿಯುವುದಾದರೆ ಐದನೇ ಒಂದು ಭಾಗ ದಾಟದಂತೆ ನೋಡಿಕೊಳ್ಳಿ. ಭಾರದ ವಸ್ತು ಬೆನ್ನಿಗೆ ಹತ್ತಿರ, ಮಧ್ಯದಲ್ಲಿ ಬರಲಿ. ಮಳೆ ಜಾಕೆಟ್ ಎಲ್ಲಕ್ಕಿಂತ ಮೇಲಿರಲಿ. ನಡಿಗೆಯ ಕೋಲು ಒಂದು ಜೊತೆ ಇದ್ದರೆ ಇಳಿಯುವಾಗ ಮಂಡಿಯ ಭಾರವನ್ನು ಕೈಗಳೂ ಹಂಚಿಕೊಳ್ಳುತ್ತವೆ. ಇಳಿಜಾರಿನಲ್ಲಿ ಕೋಲನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ.

ನೀರಿನ ಅಂದಾಜು ಗಂಟೆಗೆ ಅರ್ಧ ಲೀಟರ್, ಬಿಸಿಲಿದ್ದರೆ ಇನ್ನೂ ಜಾಸ್ತಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ಅದೂ ಅಪಾಯವೇ. ಜೊತೆಗೆ ಉಪ್ಪಿನಂಶ ಇರುವ ತಿಂಡಿ ಅಥವಾ ಓಆರ್‌ಎಸ್ ಇರಲಿ. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. 2,000 ಮೀಟರ್‌ಗಿಂತ ಮೇಲೆ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಅಲ್ಲಿ ಮೂರು ನಿಮಿಷ ಬೇಕು. ಊಟದ ವಿಷಯದಲ್ಲಿ ಹೆಚ್ಚೇನೂ ಹೇಳಬೇಕಾಗಿಲ್ಲ: ಹಸಿವಾಗುವ ಮುಂಚೆ, ಸ್ವಲ್ಪ ಸ್ವಲ್ಪವೇ, ಆಗಾಗ.

ಹೆಜ್ಜೆ 7: ನಕ್ಷೆ, ಫೋನ್

ಕಾಗದದ ನಕ್ಷೆಯಲ್ಲಿ ಸಮಾನ ಎತ್ತರದ ಗೆರೆಗಳನ್ನು ಓದಲು ಮನೆಯಲ್ಲೇ ಕಲಿಯಿರಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಜಾಗ, ದೂರ ದೂರ ಇದ್ದರೆ ಸಮತಟ್ಟು. ಎರಡು ಗೆರೆಗಳ ನಡುವೆ ಎಷ್ಟು ಮೀಟರ್ ಅನ್ನುವುದು ನಕ್ಷೆಯ ಅಂಚಿನಲ್ಲೇ ಬರೆದಿರುತ್ತದೆ. ನಡೆಯುವಾಗ ಪ್ರತಿ ಅರ್ಧ ಗಂಟೆಗೊಮ್ಮೆ ‘ನಾವೀಗ ಇಲ್ಲಿದ್ದೇವೆ’ ಅಂತ ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ಆಗಾಗ ಹಿಂತಿರುಗಿಯೂ ನೋಡಿ. ಹೋಗುವಾಗ ಕಂಡ ದಾರಿ ಬರುವಾಗ ಬೇರೆಯೇ ಥರ ಕಾಣುತ್ತದೆ, ಕವಲು ಒಡೆಯುವ ಜಾಗದಲ್ಲಂತೂ ಖಂಡಿತ.

ಫೋನಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಏರ್‌ಪ್ಲೇನ್ ಮೋಡ್‌ನಲ್ಲಿಡಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ಫೋನ್ ಮೈಗೆ ಹತ್ತಿರದ ಒಳಜೇಬಿನಲ್ಲಿರಲಿ.

ಹೆಜ್ಜೆ 8: ನಡೆಯುವ ರೀತಿ

ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನವಾಗಿ ನಡೆಯಿರಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ನಿಧಾನದವರು ಮುಂದಿರಲಿ, ಅನುಭವ ಇರುವವರು ಕೊನೆಯಲ್ಲಿರಲಿ. ಮುಂದೆ ಓಡಿದವರು ಕೂತು ಕಾಯುವುದು, ಹಿಂದಿನವರು ಬಂದು ಸೇರಿದ ಕೂಡಲೇ ಎದ್ದು ಹೊರಡುವುದು ಎಷ್ಟೋ ಗುಂಪುಗಳಲ್ಲಿ ನಡೆಯುತ್ತದೆ. ಇದರಿಂದ ಹೆಚ್ಚು ದಣಿದವರಿಗೇ ವಿಶ್ರಾಂತಿ ತಪ್ಪುತ್ತದೆ. ಪ್ರತಿ ಕವಲಿನಲ್ಲೂ ಎಲ್ಲರೂ ಸೇರಿ, ತಲೆ ಎಣಿಸಿ, ಆಮೇಲೆ ಮುಂದೆ ಹೋಗಿ.

ತೊರೆ ದಾಟುವಾಗ ನೀರು ಮಂಡಿಗಿಂತ ಮೇಲಿದ್ದು ಸೆಳೆತವೂ ಇದ್ದರೆ ದಾಟಬೇಡಿ. ದಾಟಲೇಬೇಕಾದ ಕಡೆ ತೊರೆ ಅಗಲವಾಗಿ, ಆಳ ಕಡಿಮೆ ಇರುವ ಜಾಗ ಹುಡುಕಿ. ಕೆಳಗಡೆ ಜಲಪಾತ ಇಲ್ಲ ಅನ್ನುವುದನ್ನು ನೋಡಿಕೊಳ್ಳಿ. ಬ್ಯಾಗಿನ ಸೊಂಟದ ಮತ್ತು ಎದೆಯ ಪಟ್ಟಿ ಬಿಚ್ಚಿ, ಶೂ ಹಾಕಿಕೊಂಡೇ, ನೀರು ಬರುವ ಕಡೆಗೆ ಮುಖ ಮಾಡಿ ಅಡ್ಡಡ್ಡ ಹೆಜ್ಜೆ ಇಡಿ. ಬಿದ್ದರೆ ಬ್ಯಾಗ್ ಬಿಡಬೇಕು, ಅದಕ್ಕೇ ಪಟ್ಟಿ ಬಿಚ್ಚುವುದು. ಹಿಮ ಕರಗಿ ಹರಿಯುವ ತೊರೆಯಲ್ಲಿ ಬೆಳಗ್ಗೆ ನೀರು ಕಡಿಮೆ, ಮಧ್ಯಾಹ್ನ ಬಿಸಿಲೇರಿದ ಮೇಲೆ ಜಾಸ್ತಿ. ಬೆಳಗ್ಗೆ ಸುಲಭವಾಗಿ ದಾಟಿದ ತೊರೆ ವಾಪಸ್ ಬರುವಾಗ ತಡೆಯಬಹುದು ಅನ್ನುವುದು ತಿರುಗುವ ಗಂಟೆಯ ಲೆಕ್ಕದಲ್ಲಿ ಸೇರಿರಲಿ.

ಹೆಜ್ಜೆ 9: ಸಿಡಿಲು

ಬೇಸಿಗೆಯಲ್ಲಿ ಬೆಳಗಿನ ಬಿಸಿಲಿಗೆ ಕಾದ ಇಳಿಜಾರಿನಿಂದ ತೇವದ ಗಾಳಿ ಮೇಲೇಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೇ ಗುಡುಗಿನ ಮೋಡವಾಗುತ್ತದೆ. ಅಮೆರಿಕದ ರಾಕಿ ಮೌಂಟೇನ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಸಿಗೆಯ ಚಾರಣಿಗರಿಗೆ ಬೇಗ ಹೊರಟು, ಮಧ್ಯಾಹ್ನದ ಹೊತ್ತಿಗೆ ಮರಗಳು ಬೆಳೆಯುವ ಎತ್ತರಕ್ಕಿಂತ ಕೆಳಗೆ ಬಂದುಬಿಡಿ ಅಂತ ಹೇಳುವುದು ಇದಕ್ಕೇ. ಹೂಕೋಸಿನ ಹಾಗೆ ಮೇಲಕ್ಕೆ ಉಬ್ಬುತ್ತಿರುವ ಮೋಡ ಕಂಡರೆ, ಅದರ ತಳ ಕಪ್ಪಾಗುತ್ತಿದ್ದರೆ, ಗುಡುಗು ಕೇಳುವವರೆಗೆ ಕಾಯಬೇಡಿ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. 30 ಸೆಕೆಂಡಿನೊಳಗೆ ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ, ನೀವು ಅಪಾಯದಲ್ಲಿದ್ದೀರಿ. ತುದಿ, ದಿಬ್ಬದ ಏಣು, ಒಂಟಿ ಮರ, ನೀರು, ಕಬ್ಬಿಣದ ಬೇಲಿ ಅಥವಾ ಕೇಬಲ್ ಇವುಗಳಿಂದ ದೂರ ಹೋಗಿ. ಬೇಗ ಕೆಳಗಿಳಿಯಿರಿ. ಚಿಕ್ಕ ಗುಹೆಯ ಬಾಯಿ, ಚಾಚಿದ ಬಂಡೆಯ ಅಡಿ ಸುರಕ್ಷಿತ ಅನ್ನಿಸಿದರೂ ಅಲ್ಲ, ಬಂಡೆಯ ಮೇಲೆ ಹರಿಯುವ ವಿದ್ಯುತ್ ಅಲ್ಲಿ ಹಾರಬಹುದು. ಒಂದೇ ಸಮ ಎತ್ತರದ ದಟ್ಟ ಮರಗಳ ನಡುವಿನ ತಗ್ಗು ಬಯಲಿಗಿಂತ ಮೇಲು. ಗುಂಪಿನವರು ಒಬ್ಬರಿಂದೊಬ್ಬರು ದೂರ ದೂರ ಇರಿ. ಒಬ್ಬರಿಗೆ ಹೊಡೆದರೂ ಉಳಿದವರು ನೆರವಾಗಬಹುದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಡಿ. ಉಸಿರಿಲ್ಲದಿದ್ದರೆ ತಕ್ಷಣ ಸಿಪಿಆರ್ ಶುರು ಮಾಡಿ: ಎದೆಯನ್ನು 30 ಸಲ ಒತ್ತುವುದು, 2 ಸಲ ಉಸಿರು ಕೊಡುವುದು. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಮತ್ತೆ ಮೇಲೆ ಹೋಗಬೇಡಿ.

ಹೆಜ್ಜೆ 10: ಎತ್ತರದ ಕಾಯಿಲೆ, ಚಳಿಯ ಹೊಡೆತ

ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಗಟ್ಟಿ ಮೈಯವರು, ಓಡುವ ಅಭ್ಯಾಸ ಇರುವವರು ಇದರಿಂದ ಹೊರತಲ್ಲ. ಅವರು ಬೇಗ ಬೇಗ ಮೇಲೆ ಹೋಗುವುದರಿಂದ ಒಮ್ಮೊಮ್ಮೆ ಅವರಿಗೇ ಜಾಸ್ತಿ ಕಾಡುತ್ತದೆ. 3,000 ಮೀಟರಿನಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಸುಮಾರು 70 ಪ್ರತಿಶತ, 5,500 ಮೀಟರಿನಲ್ಲಿ ಅರ್ಧದಷ್ಟೇ.

3,000 ಮೀಟರಿನ ಮೇಲೆ, ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಎತ್ತರದಲ್ಲಿ ಮಲಗಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಿರಿ. 1976ರಲ್ಲಿ ಸ್ಥಾಪನೆಯಾದ ನೇಪಾಳದ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಕಡೆಗೆ ಹೋಗುವವರು 3,440 ಮೀಟರ್ ಎತ್ತರದ ನಾಮ್ಚೆ ಬಜಾರಿನಲ್ಲಿ ಎರಡು ರಾತ್ರಿ ಕಳೆಯುವುದು ಈ ಕಾರಣಕ್ಕೇ. ಆ ನಡುವಿನ ದಿನ ಸುಮ್ನೆ ಮಲಗದೆ ಇನ್ನೂ ಮೇಲೆ ನಡೆದು ಹೋಗಿ, ಕೆಳಗೆ ಬಂದು ಮಲಗುತ್ತಾರೆ. ಕಿಲಿಮಂಜಾರೋ 5,895 ಮೀಟರ್. ಅಲ್ಲಿ ಹಗ್ಗ ಕಟ್ಟಿ ಹತ್ತುವ ಕಷ್ಟ ಇಲ್ಲದ್ದರಿಂದಲೇ ಜನ ಬೇಗ ಹತ್ತಿಬಿಡಲು ನೋಡುತ್ತಾರೆ. ದಿನ ಹೆಚ್ಚಿರುವ ದಾರಿ ಆರಿಸಿಕೊಂಡವರಿಗೆ ಮೈ ಒಗ್ಗಲು ಸಮಯ ಸಿಗುತ್ತದೆ.

ತಲೆನೋವು, ವಾಕರಿಕೆ, ಊಟ ಬೇಡ ಅನ್ನಿಸುವುದು, ನಿದ್ದೆ ಬಾರದಿರುವುದು ಮೊದಲ ಲಕ್ಷಣಗಳು. ಆಗ ಇನ್ನೂ ಮೇಲೆ ಹೋಗಬಾರದು. ಕಡಿಮೆಯಾಗದಿದ್ದರೆ ಇಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ನೊರೆ ಕಫ, ಗೊಂದಲದ ಮಾತು, ನೇರ ಗೆರೆಯಲ್ಲಿ ನಡೆಯಲಾಗದ ತೂರಾಟ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬಿದೆ ಅಥವಾ ಮಿದುಳು ಊದಿದೆ ಅಂತ ಅರ್ಥ. ಬೆಳಗಾಗಲಿ ಅಂತ ಕಾಯಬಾರದು. ರಾತ್ರಿಯಾದರೂ, ಜೊತೆಗೊಬ್ಬರು ಇದ್ದು, ಕೆಳಗಿಳಿಸಬೇಕು. ಒಬ್ಬರನ್ನೇ ಕಳಿಸಬೇಡಿ. ಔಷಧಿ ಇದ್ದರೂ ಇಳಿಯುವುದಕ್ಕೆ ಅದು ಬದಲಿ ಅಲ್ಲ.

ಚಳಿಯ ಹೊಡೆತವೂ ಹೀಗೇ ಮೆಲ್ಲಗೆ ಬರುತ್ತದೆ. ಮೈ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೊಥರ್ಮಿಯಾ. ಅದಕ್ಕೆ ಹಿಮವೇ ಬೇಕಿಲ್ಲ, 10 ಡಿಗ್ರಿಯಲ್ಲಿ ಮಳೆ ಮತ್ತು ಗಾಳಿ ಸೇರಿದರೂ ಸಾಕು. ಎಡವುವುದು, ತೊದಲುವುದು, ಜಿಪ್ ಹಾಕಲು ಬೆರಳು ಬಾರದಿರುವುದು, ವಿನಾಕಾರಣ ಸಿಡುಕುವುದು ಸೂಚನೆಗಳು. ಆ ವ್ಯಕ್ತಿ ‘ನನಗೇನೂ ಆಗಿಲ್ಲ’ ಅನ್ನುತ್ತಾನೆ, ಅವನ ಮಾತು ನಂಬಬೇಡಿ. ಗಾಳಿಯಿಂದ ಮರೆ ಮಾಡಿ, ಒದ್ದೆ ಬಟ್ಟೆ ಬದಲಿಸಿ, ನೆಲಕ್ಕೂ ಮೈಗೂ ನಡುವೆ ಏನಾದರೂ ಹಾಸಿ, ಎಚ್ಚರ ಇದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಮದ್ಯ ಬೇಡ. ನಡುಗುತ್ತಿದ್ದವರ ನಡುಕ ತಾನಾಗಿ ನಿಂತು ಮಂಕಾದರೆ ಪರಿಸ್ಥಿತಿ ಕೆಟ್ಟಿದೆ ಅಂತ ತಿಳಿದು ನೆರವು ಕರೆಯಿರಿ. ಅಂಥವರನ್ನು ಎತ್ತುವಾಗ, ಸಾಗಿಸುವಾಗ ಹೆಚ್ಚು ಅಲುಗಾಡಿಸದೆ ತುಂಬಾ ಮೆಲ್ಲಗೆ ಹಿಡಿಯಬೇಕು.

ಹೆಜ್ಜೆ 11: ಕಾಡಿನವರ ಜಾಗದಲ್ಲಿ ನೀವು

ಯೆಲ್ಲೊಸ್ಟೋನ್‌ನಲ್ಲಿ ಕರಡಿ, ತೋಳ ಮತ್ತು ಕೂಗರ್ ಅನ್ನುವ ದೊಡ್ಡ ಕಾಡುಬೆಕ್ಕುಗಳಿಂದ 91 ಮೀಟರ್, ಉಳಿದ ದೊಡ್ಡ ಪ್ರಾಣಿಗಳಿಂದ 23 ಮೀಟರ್ ದೂರ ಇರಬೇಕು ಅನ್ನುವ ನಿಯಮ ಇದೆ. ನೀವು ಹೋಗುವ ಉದ್ಯಾನದ ನಿಯಮ ಕೇಳಿಕೊಳ್ಳಿ. ಪ್ರಾಣಿ ನಿಮ್ಮನ್ನು ನೋಡಿ ತನ್ನ ಕೆಲಸ ನಿಲ್ಲಿಸಿತು ಅಂದರೆ ನೀವು ಆಗಲೇ ತುಂಬಾ ಹತ್ತಿರ ಹೋಗಿದ್ದೀರಿ. ದೊಡ್ಡ ಪ್ರಾಣಿ ಎದುರಾದರೆ ಬೆನ್ನು ತೋರಿಸಿ ಓಡಬೇಡಿ, ಮೆಲ್ಲಗೆ ಹಿಂದೆ ಸರಿಯಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಆ ಕೈ ಅಥವಾ ಕಾಲು ಅಲುಗಾಡದಂತೆ ಮಾಡಿ, ಆದಷ್ಟು ಬೇಗ ಆಸ್ಪತ್ರೆಗೆ ಸಾಗಿಸಿ.

ಗುರುತು ಮಾಡಿದ ದಾರಿಯಲ್ಲೇ ನಡೆಯಿರಿ, ಕೆಸರಿದ್ದರೂ ಮಧ್ಯದಲ್ಲೇ. ಪಕ್ಕದ ಹುಲ್ಲು ತುಳಿದರೆ ದಾರಿ ಅಗಲವಾಗುತ್ತಾ ಹೋಗುತ್ತದೆ. ಎತ್ತರದ ಚಳಿಯಲ್ಲಿ ಗಿಡ ಬೆಳೆಯುವುದೇ ನಿಧಾನ, ತುಳಿದ ಜಾಗ ಮತ್ತೆ ಹಸಿರಾಗಲು ಎಷ್ಟೋ ವರ್ಷ ಬೇಕು. ಶೌಚಕ್ಕೆ ನೀರಿನಿಂದ, ದಾರಿಯಿಂದ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಿ. ಹಣ್ಣಿನ ಸಿಪ್ಪೆಯೂ ಸೇರಿ ಎಲ್ಲ ಕಸ ನಿಮ್ಮ ಬ್ಯಾಗಿನಲ್ಲೇ ಕೆಳಗೆ ಬರಲಿ.

ಹೆಜ್ಜೆ 12: ದಾರಿ ತಪ್ಪಿದರೆ, ಏಟಾದರೆ

ದಾರಿ ತಪ್ಪಿತೇನೋ ಅನ್ನುವ ಅನುಮಾನ ಬಂದ ಕೂಡಲೇ ನಿಲ್ಲಿ. ಕೂತುಕೊಳ್ಳಿ, ನೀರು ಕುಡಿಯಿರಿ, ಏನಾದರೂ ತಿನ್ನಿ. ಹತ್ತು ನಿಮಿಷ ಎಲ್ಲಿಗೂ ಹೋಗಬೇಡಿ. ಗಾಬರಿಯಲ್ಲಿ ಇಟ್ಟ ಹೆಜ್ಜೆಗಳು ನಿಮ್ಮನ್ನು ಗೊತ್ತಿರುವ ಜಾಗದಿಂದ ಇನ್ನಷ್ಟು ದೂರ ಒಯ್ಯುತ್ತವೆ. ಆಮೇಲೆ ನಕ್ಷೆ ತೆಗೆದು, ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದು ಅಂತ ನೆನಪಿಸಿಕೊಳ್ಳಿ. ಬಂದ ಹೆಜ್ಜೆ ಕಾಣುತ್ತಿದ್ದರೆ ಅಲ್ಲಿಗೇ ವಾಪಸ್ ಹೋಗಿ. ಕಾಣದಿದ್ದರೆ, ಕತ್ತಲಾಗುತ್ತಿದ್ದರೆ, ಮಂಜು ಕವಿದಿದ್ದರೆ ಇದ್ದಲ್ಲೇ ಇರಿ. ತೊರೆ ಹಿಡಿದು ಕೆಳಗೆ ಹೋದರೆ ಊರು ಸಿಗುತ್ತದೆ ಅನ್ನುವ ಮಾತು ಬೆಟ್ಟದಲ್ಲಿ ಅಪಾಯಕಾರಿ. ಬೆಟ್ಟದ ತೊರೆಗಳು ಜಲಪಾತವಾಗಿ, ಕಡಿದಾದ ಕೊರಕಲಾಗಿ ಇಳಿಯುತ್ತವೆ. ಇಳಿಯಲೂ ಆಗದೆ ಹತ್ತಲೂ ಆಗದೆ ಸಿಕ್ಕಿಕೊಳ್ಳುವುದು ಅಲ್ಲೇ.

ನೆರವು ಕೇಳುವ ಅಂತಾರಾಷ್ಟ್ರೀಯ ಸಂಕೇತ ಹೀಗಿದೆ: ಒಂದು ನಿಮಿಷದಲ್ಲಿ ಆರು ಸಲ ಸೀಟಿ ಅಥವಾ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು ಸಲ. ಉತ್ತರವಾಗಿ ನಿಮಿಷಕ್ಕೆ ಮೂರು ಸಲ ಕೇಳಿಸುತ್ತದೆ. ಉತ್ತರ ಬಂದ ಮೇಲೂ ನಿಲ್ಲಿಸಬೇಡಿ, ಅವರು ಶಬ್ದ ಹಿಡಿದೇ ನಿಮ್ಮ ಬಳಿ ಬರಬೇಕು. ಉತ್ತರ ಅಮೆರಿಕದಲ್ಲಿ ನೆರವು ಕೇಳುವುದಕ್ಕೂ ಮೂರರ ಸಂಕೇತವೇ ಬಳಕೆಯಲ್ಲಿದೆ. ಹೆಲಿಕಾಪ್ಟರ್ ಬಂದರೆ ಎರಡೂ ಕೈ ಮೇಲೆತ್ತಿ ನಿಲ್ಲಿ, ಅದು ‘ನೆರವು ಬೇಕು’ ಅನ್ನುವ ಸಂಕೇತ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇದ್ದರೆ ‘ಬೇಡ’ ಅಂತ ಅರ್ಥ.

ಫೋನ್ ಸಿಕ್ಕರೆ ಮೊದಲು ನೀವಿರುವ ಜಾಗ ಹೇಳಿ, ಆಮೇಲೆ ಏನಾಯಿತು, ಎಷ್ಟು ಜನ, ಹವಾಮಾನ ಹೇಗಿದೆ. ಕರೆ ಯಾವಾಗ ಬೇಕಾದರೂ ಕಡಿದುಹೋಗಬಹುದು, ಅದಕ್ಕೇ ಜಾಗ ಮೊದಲು. ಎಷ್ಟೋ ದೇಶಗಳಲ್ಲಿ ಮೊಬೈಲಿನಿಂದ 112 ಒತ್ತಿದರೆ ತುರ್ತು ಸೇವೆಗೆ ಹೋಗುತ್ತದೆ. ಕರೆ ಹೋಗದ ಕಡೆಯೂ ಒಂದೊಂದು ಸಲ ಎಸ್‌ಎಂಎಸ್ ಹೋಗುತ್ತದೆ. ನೆಟ್‌ವರ್ಕ್ ಇಲ್ಲವೇ ಇಲ್ಲ ಅನ್ನುವ ಉದ್ಯಾನಕ್ಕೆ ಹೋಗುವುದಾದರೆ, ಆ ದೇಶದ ಕಾನೂನು ಒಪ್ಪುತ್ತದಾ ಅಂತ ನೋಡಿಕೊಂಡು ಉಪಗ್ರಹ ಸಂದೇಶ ಸಾಧನ ಬಾಡಿಗೆಗೆ ತನ್ನಿ.

ನೆರವು ತರಲು ಹೋಗುವುದಾದರೆ ಏಟಾದವರ ಬಳಿ ಒಬ್ಬರು ಇರಲೇಬೇಕು. ನಾಲ್ಕು ಜನರ ಗುಂಪು ಒಳ್ಳೆಯದು ಅನ್ನುವುದು ಇದಕ್ಕೇ: ಒಬ್ಬರಿಗೆ ಏಟಾದರೆ ಒಬ್ಬರು ಜೊತೆಗಿರುತ್ತಾರೆ, ಇಬ್ಬರು ಒಟ್ಟಿಗೆ ಇಳಿಯುತ್ತಾರೆ.

ಹೆಜ್ಜೆ 13: ಕೆಳಗೆ ಬಂದ ಮೇಲೆ

ಇಳಿಯುವ ಕೊನೆಯ ಒಂದು ಗಂಟೆಯಲ್ಲಿ ಗಮನ ಸಡಿಲಾಗುತ್ತದೆ. ಕೊನೆಯ ಇಳಿಜಾರಿಗೆ ಮುಂಚೆ ಐದು ನಿಮಿಷ ಕೂತು, ಏನಾದರೂ ತಿಂದು, ಲೇಸ್ ಮತ್ತೆ ಕಟ್ಟಿ ಹೊರಡಿ. ಬಿದ್ದ ಎಲೆ, ಒದ್ದೆ ಬೇರು, ಸಡಿಲ ಕಲ್ಲಿನ ಮೇಲೆ ಚಿಕ್ಕ ಚಿಕ್ಕ ಹೆಜ್ಜೆ ಇಡಿ, ಮಂಡಿ ಸ್ವಲ್ಪ ಬಾಗಿರಲಿ.

ಕೆಳಗೆ ಬಂದ ಕೂಡಲೇ ಉದ್ಯಾನದಲ್ಲಿ ಹೋಗಿಬರುವವರ ಹೆಸರು ಬರೆಯುವ ಪುಸ್ತಕ ಇದ್ದರೆ ಅದರಲ್ಲಿ ಹೊರಬಂದ ಸಮಯ ಬರೆದು ಸಹಿ ಮಾಡಿ. ಹೊರಡುವ ಮೊದಲು ನೀವು ಚೀಟಿ ಬರೆದುಕೊಟ್ಟಿದ್ದವರಿಗೆ ಫೋನ್ ಮಾಡಿ, ಎಲ್ಲರೂ ಬಂದೆವು ಅಂತ ಹೇಳಿ. ಇದನ್ನು ಮರೆತು ಮಲಗಿದರೆ, ನಿಮ್ಮನ್ನು ಹುಡುಕಲು ಯಾರೋ ರಾತ್ರಿಯಲ್ಲಿ ಬೆಟ್ಟ ಹತ್ತುತ್ತಿರುತ್ತಾರೆ. ಆಮೇಲೆ ಮೈಯೆಲ್ಲ ರಕ್ತ ಹೀರುವ ಉಣ್ಣೆ ಹುಳ, ಜಿಗಣೆ ಇದೆಯಾ ನೋಡಿಕೊಳ್ಳಿ. ಕಂಕುಳು, ಮಂಡಿಯ ಹಿಂಭಾಗ, ಸೊಂಟ, ಕಿವಿಯ ಹಿಂದೆ ಉಣ್ಣೆ ಅಡಗಿರುತ್ತದೆ. ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಿರಿ, ಸುಡುವುದು, ಎಣ್ಣೆ ಹಚ್ಚುವುದು ಬೇಡ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಅಥವಾ ಕೆಂಪು ಮಚ್ಚೆ ಕಂಡರೆ ವೈದ್ಯರ ಬಳಿ ಹೋಗಿ, ಬೆಟ್ಟಕ್ಕೆ ಹೋಗಿದ್ದ ವಿಷಯವನ್ನು ಹೇಳಿ. ದಾರಿಯಲ್ಲಿ ಬಿದ್ದ ಮರ, ಅಳಿಸಿದ ಗುರುತು, ಮುರಿದ ಸೇತುವೆ ಕಂಡಿದ್ದರೆ ಅದನ್ನು ರೇಂಜರ್ ಕಚೇರಿಗೆ ತಿಳಿಸಿ. ನಾಳೆ ಬೆಳಗ್ಗೆ ಅದೇ ದಾರಿಯಲ್ಲಿ ಹೊರಡುವವರು ಇವತ್ತೇ ಅಲ್ಲಿಗೆ ಫೋನ್ ಮಾಡಿ ಕೇಳುತ್ತಿರಬಹುದು.